ಸ್ನಾಯುಶಕ್ತಿಯ ಶೋಧಕ ಡಾ. ಯಲ್ಲಾಪ್ರಗಡ ಸುಬ್ಬರಾವ್

ಗುಂಡ್ಲುಪೇಟೆಯ ಹೊಲದಲ್ಲಿ ನೇಗಿಲ ಹಿಂದೆ ನಡೆಯುವ ರೈತನಿಗೂ ಮಲೆಮಹದೇಶ್ವರ ಬೆಟ್ಟವನ್ನು ಕಾಲ್ನಡಿಗೆಯಿಂದ ಏರುವ ಯಾತ್ರಿಕನಿಗೂ ಎದೆಬಡಿತ ಹೆಚ್ಚುವುದು ಸಹಜ. ಆ ದುಡಿಮೆಗೆ ಬೇಕಾದ ಶಕ್ತಿಯನ್ನು ಹೃದಯದ ಸ್ನಾಯುಕೋಶ ಹೇಗೆ ಒದಗಿಸಿಕೊಳ್ಳುತ್ತದೆ ಎಂಬ ತಿಳಿವಳಿಕೆಗೆ ಅಡಿಪಾಯ ಹಾಕಿದವರಲ್ಲಿ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರು ಅಗ್ರಗಣ್ಯರು.

1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಅವರ ಜನನ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿ ಮೂರನೆಯ ಬಾರಿಗೆ ತೇರ್ಗಡೆಯಾದರೆಂಬುದನ್ನು ಅಧ್ಯಾಪಕ ಬಂಧುಗಳು ಗಮನಿಸಬೇಕು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟದ್ದು ಆಂಗ್ಲ ಪ್ರಾಧ್ಯಾಪಕರೊಬ್ಬರ ಅಸಮಾಧಾನಕ್ಕೆ ಕಾರಣವಾಗಿ, ಎಂ.ಬಿ.ಬಿ.ಎಸ್. ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ದೊರೆಯಿತು. ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ್ ಧರ್ಮಸಂಸ್ಥೆ ನೀಡಿದ ಭರವಸೆ, ಮಾವನವರು ಕೂಡಿಸಿದ ಹಣ, ಇವೆರಡರ ಆಸರೆಯಿಂದ 1922ರಲ್ಲಿ ಅಮೆರಿಕದ ಬಾಸ್ಟನ್ ಸೇರಿದರು. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಚಾಕರಿ ಮಾಡಿದರು.

ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸೈರಸ್ ಫಿಸ್ಕೆಯವರೊಡಗೂಡಿ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಆ ವಿಧಾನವೇ 1927ರಲ್ಲಿ ಸ್ನಾಯುವಿನೊಳಗಿನ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನು ಬಯಲಿಗೆ ತಂದಿತು. ಸ್ನಾಯು ದುಡಿದಾಗ ಅದು ಕರಗುತ್ತದೆ. ವಿಶ್ರಮಿಸಿದಾಗ ಮತ್ತೆ ಕೂಡುತ್ತದೆ. 1929ರಲ್ಲಿ ಎ.ಟಿ.ಪಿ.ಯನ್ನೂ ಕಂಡರು. ಜರ್ಮನಿಯ ಲೋಹ್ಮನ್ ಅದೇ ವರ್ಷ ಸ್ವತಂತ್ರವಾಗಿ ಅದನ್ನೇ ಶೋಧಿಸಿದ್ದರೆಂಬುದನ್ನೂ ಹೇಳುವುದು ನ್ಯಾಯ.

ಎ.ಟಿ.ಪಿ. ಮೊರದಲ್ಲಿರುವ ರಾಗಿಯಾದರೆ ಫಾಸ್ಫೋಕ್ರಿಯಾಟಿನ್ ಪಕ್ಕದ ಗುಡಾಣ. ಹೃದಯದ ಮೊರದಲ್ಲಿರುವುದು ಕೆಲವೇ ಸೆಕೆಂಡುಗಳ ದಾಸ್ತಾನು. ಅದು ಸದಾ ತುಂಬುತ್ತಲೇ ಇರಬೇಕು. ಆರೋಗ್ಯವಂತ ಹೃದಯ ಅದನ್ನು ಹೆಚ್ಚಾಗಿ ಕೊಬ್ಬಿನಾಮ್ಲಗಳಿಂದ ತುಂಬಿಕೊಳ್ಳುತ್ತದೆ. ರಕ್ತದೊತ್ತಡದ ಹೊರೆ ಬಹುಕಾಲ ಬಿದ್ದಾಗ ಕೋಶಗಳು ಕೊಬ್ಬನ್ನು ಕಡಿಮೆ ಮಾಡಿ ಸಕ್ಕರೆಯ ಕಡೆಗೆ ವಾಲುತ್ತವೆ. ಸಕ್ಕರೆ ಉರಿಯಲು ಆಮ್ಲಜನಕ ತುಸು ಕಡಿಮೆ ಸಾಕು. ಆದರೂ ಈ ಮಾರ್ಪಾಟು ಕೊನೆಯವರೆಗೆ ಕಾಯಲಾರದು; ಸೋಲುತ್ತಿರುವ ಹೃದಯದಲ್ಲಿ ಮೊದಲು ಬರಿದಾಗತೊಡಗುವುದು ಗುಡಾಣವೇ.

ಇಷ್ಟನ್ನು ಸಾಧಿಸಿದವರಿಗೆ ಹಾರ್ವರ್ಡ್‌ನಲ್ಲಿ ಖಾಯಂ ಅಧ್ಯಾಪಕ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಲೆಡರ್ಲೆ ಪ್ರಯೋಗಾಲಯ ಸೇರಿ ಸಂಶೋಧನೆಯ ನೇತೃತ್ವ ವಹಿಸಿದರು. ಫೋಲಿಕ್ ಆಮ್ಲದ ತಯಾರಿಕೆ, ಆನೆಕಾಲು ರೋಗದ ಔಷಧಿ ಇವೆಲ್ಲ ಅಲ್ಲಿನ ಫಲಗಳು. ತಾಯ್ನಾಡಿಗೆ ಮತ್ತೆ ಬರಲಾಗಲಿಲ್ಲ. 1948ರ ಆಗಸ್ಟ್‌ನಲ್ಲಿ, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿರುವಾಗಲೇ ಹೃದಯ ಸ್ತಬ್ಧವಾಗಿ ತೀರಿಕೊಂಡರು. ಅವರ ಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತ ಸರ್ಕಾರ ಅಂಚೆಚೀಟಿ ಹೊರತಂದಿತು. ಅವರು ಕಂಡ ಆ ಎರಡು ವಸ್ತುಗಳ ಪ್ರಮಾಣವನ್ನು ಈಗ ಎದೆ ತೆರೆಯದೆಯೇ, ಕಾಂತೀಯ ಅನುರಣನ ಯಂತ್ರದಿಂದ ಅಳೆಯಬಹುದಾಗಿದೆ.