ವೆಲ್ಲೂರಿನ ಡಾ. ಐಡಾ ಸ್ಕಡರ್: ಹೆಣ್ಣಿನ ಬಾಳಿನುದ್ದಕ್ಕೂ ಒಂದು ಆರೈಕೆಯ ಕೈ

ಹೆರಿಗೆಯೆಂಬುದು ಹೆಣ್ಣಿಗೆ ಮರುಜನ್ಮವೆಂದು ನಮ್ಮ ಹಿರಿಯರು ನಂಬಿದ್ದರು. ಅದು ಅಲಂಕಾರದ ಮಾತಾಗಿರಲಿಲ್ಲ; ಕಣ್ಣೆದುರಿಗೇ ಸೊಸೆಯಂದಿರನ್ನೂ ಹೆಣ್ಣುಮಕ್ಕಳನ್ನೂ ಕಳೆದುಕೊಂಡವರ ಅನುಭವವಾಗಿತ್ತು. ಇಂದು ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಆ ಭಯ ಬಹುಮಟ್ಟಿಗೆ ದೂರವಾಗಿದೆ. ಅದನ್ನು ದೂರ ಮಾಡಿದವರಲ್ಲಿ ವೈದ್ಯರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಹಾಸಿಗೆಯ ಬಳಿ ಇರುಳೆಲ್ಲ ಎಚ್ಚರವಿದ್ದ ದಾದಿಯ ಹೆಸರನ್ನು ಮಾತ್ರ ಕೇಳಿಕೊಳ್ಳುವುದೇ ಇಲ್ಲ.

ಚೆನ್ನೈಯ ಕನ್ನಡಿಗರಿಗೂ ಬೆಂಗಳೂರು, ಕೋಲಾರಗಳ ಜನರಿಗೂ ವೆಲ್ಲೂರು ಎಂದೊಡನೆ ನೆನಪಾಗುವುದು ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಅದನ್ನು ಕಟ್ಟಿದ ಡಾ. ಐಡಾ ಸ್ಕಡರ್ ಅವರನ್ನು ಲೋಕವು ಮಹಾ ವೈದ್ಯೆಯೆಂದು ಗೌರವಿಸಿದೆ. ಆದರೆ ಅವರು ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯನ್ನು ಆರಂಭಿಸುವುದಕ್ಕೆ ಒಂಬತ್ತು ವರ್ಷ ಮೊದಲೇ ದಾದಿಯರ ಶಾಲೆಯನ್ನು ತೆರೆದಿದ್ದರೆಂಬುದು ಅನೇಕರಿಗೆ ತಿಳಿಯದು. ಈ ಕ್ರಮದಲ್ಲಿಯೇ ಅವರ ಬದುಕಿನ ಸಾರವಿದೆಯೆಂದು ನಮಗೆ ತೋರುತ್ತದೆ.

ಐಡಾ ಸೋಫಿಯಾ ಸ್ಕಡರ್ 1870ರ ಡಿಸೆಂಬರ್ 9ರಂದು ಅಂದಿನ ಮದರಾಸು ಪ್ರಾಂತದ ರಾಣಿಪೇಟೆಯಲ್ಲಿ ಜನಿಸಿದರು. ಅಮೆರಿಕದಿಂದ ಬಂದ ಮಿಷನರಿ ವೈದ್ಯರ ಮನೆತನ ಅವರದು. ತಾತ ಜಾನ್ ಸ್ಕಡರ್ ಮೊದಲು ಸಿಂಹಳದಲ್ಲಿ, ಅನಂತರ ಮದರಾಸಿನಲ್ಲಿ ವೈದ್ಯಸೇವೆ ನಡೆಸಿದವರು. ತಂದೆಯೂ ವೈದ್ಯರೇ. ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಬರವೆಂದು ಕುಖ್ಯಾತವಾದ 1876-78ರ ಕ್ಷಾಮವು ಮದರಾಸು ಪ್ರಾಂತವನ್ನೂ ಸುಟ್ಟಿತು. ಹಸಿದ ಮಕ್ಕಳಿಗೆ ರೊಟ್ಟಿಯ ಚೂರುಗಳನ್ನು ಹಂಚುವ ಕೆಲಸದಲ್ಲಿ ಬಾಲಕಿ ಐಡಾ ಕೈಜೋಡಿಸಿದ್ದಳು. ಆ ನೋಟಗಳು ಅವಳಲ್ಲಿ ಸೇವೆಯ ಹಂಬಲವನ್ನು ಹುಟ್ಟಿಸಲಿಲ್ಲ. ಈ ನಾಡಿನಿಂದ ದೂರ ಹೋಗಬೇಕೆಂಬ ಆಸೆಯನ್ನೇ ಹುಟ್ಟಿಸಿದವು. ಅಮೆರಿಕದಲ್ಲಿ ಶಾಲೆಯ ಓದು ಮುಗಿಸಿದ ತರುಣಿಗೆ ಅಲ್ಲಿಯೇ ಸುಖವಾಗಿ ನೆಲೆಸಬೇಕೆಂಬ ಇಚ್ಛೆಯಿತ್ತು.

1890ರಲ್ಲಿ ತಾಯಿಯ ಅನಾರೋಗ್ಯದ ನಿಮಿತ್ತ ಅವರು ಭಾರತಕ್ಕೆ ಬರಬೇಕಾಯಿತು. ತಂದೆ ಆಗ ತಿಂಡಿವನದಲ್ಲಿದ್ದರು. ಅಲ್ಲಿ ಒಂದು ರಾತ್ರಿ ನಡೆದ ಘಟನೆ ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಮೂವರು ಗೃಹಸ್ಥರು ಒಬ್ಬರ ಹಿಂದೊಬ್ಬರಂತೆ ಬಾಗಿಲು ತಟ್ಟಿದರು. ಒಬ್ಬರು ಬ್ರಾಹ್ಮಣರು, ಒಬ್ಬರು ಮುಸ್ಲಿಮರು, ಮತ್ತೊಬ್ಬರು ಬೇರೊಂದು ಹಿಂದೂ ಸಮುದಾಯದವರು. ಮೂವರ ಮನೆಗಳಲ್ಲಿಯೂ ಎಳೆಯ ಹೆಂಡತಿಯರು ಹೆರಿಗೆಯಾಗದೆ ಸಂಕಟಪಡುತ್ತಿದ್ದರು. ವೈದ್ಯರಾದ ತನ್ನ ತಂದೆಯನ್ನು ಕರೆದೊಯ್ಯಿರೆಂದು ಐಡಾ ಮೂವರಿಗೂ ಹೇಳಿದರು. ಪರಪುರುಷನು ಹೆರಿಗೆಯ ಕೋಣೆಯನ್ನು ಪ್ರವೇಶಿಸುವುದು ಅವರಲ್ಲಿ ಯಾರಿಗೂ ಒಪ್ಪಿಗೆಯಾಗಲಿಲ್ಲ; ಹೆಣ್ಣಾದ ಐಡಾಳಿಗೆ ವೈದ್ಯವಿದ್ಯೆ ಬರುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಪ್ರಾಣ ಬಿಟ್ಟಿದ್ದರು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಆ ಮನೆಗಳವರು ಹೆಂಡತಿಯರ ಮೇಲೆ ಮಮತೆಯಿಲ್ಲದವರಾಗಿರಲಿಲ್ಲ. ಮಮತೆಯಿಲ್ಲದಿದ್ದರೆ ನಡುರಾತ್ರಿಯಲ್ಲಿ ಓಡಿ ಬರುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದುದು ಬಲ್ಲ ಹೆಣ್ಣೊಬ್ಬಳ ಕೈ. ಅಂಥ ಕೈ ಊರಿನಲ್ಲಿ ಒಂದೂ ಇರಲಿಲ್ಲ.

ಐಡಾ ಅಮೆರಿಕಕ್ಕೆ ಮರಳಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದರು. ಮೊದಲು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ, ಬಳಿಕ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಓದಿ 1899ರಲ್ಲಿ ಪದವಿ ಪಡೆದರು. ಮರುವರ್ಷ ವೆಲ್ಲೂರಿಗೆ ಬಂದ ಕೆಲವೇ ತಿಂಗಳುಗಳಲ್ಲಿ ತಂದೆ ತೀರಿಕೊಂಡರು. ಮನೆಯ ಪುಟ್ಟ ಕೋಣೆಯೊಂದರಲ್ಲಿಯೇ ಐಡಾ ಚಿಕಿತ್ಸೆ ಆರಂಭಿಸಿದರು. ನ್ಯೂಯಾರ್ಕಿನ ಬ್ಯಾಂಕ್ ಉದ್ಯಮಿ ಶೆಲ್ ಅವರು ತಮ್ಮ ದಿವಂಗತ ಪತ್ನಿಯ ನೆನಪಿಗಾಗಿ ನೀಡಿದ 10,000 ಡಾಲರುಗಳಿಂದ ಮೇರಿ ಟೇಬರ್ ಶೆಲ್ ಆಸ್ಪತ್ರೆ ಎದ್ದಿತು. 40 ಹಾಸಿಗೆಗಳ ಆ ಆಸ್ಪತ್ರೆ 1902ರಲ್ಲಿ ಬಾಗಿಲು ತೆರೆಯಿತು.

ಆಸ್ಪತ್ರೆ ತೆರೆದ ಮೇಲೆ ಕಷ್ಟದ ನಿಜರೂಪ ಕಂಡಿತು. ವೈದ್ಯೆ ಒಬ್ಬಳೇ. ಹೆರಿಗೆಯ ಅಪಾಯವಾದರೋ ಮಗು ಹೊರಬಂದೊಡನೆ ಮುಗಿಯುವುದಲ್ಲ. ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ರಕ್ತಸ್ರಾವದ ಭಯ. ಮುಂದಿನ ದಿನಗಳಲ್ಲಿ ಬಾಣಂತಿಯ ಜ್ವರದ ಭಯ. ಹೊಕ್ಕುಳಬಳ್ಳಿಯನ್ನು ಕೊಳಕು ಕತ್ತಿಯಿಂದ ಕೊಯ್ದರೆ ಕೂಸಿಗೆ ಧನುರ್ವಾಯುವಿನ ಭಯ. ಇವೆಲ್ಲಕ್ಕೂ ತೊಳೆದ ಕೈ, ಕುದಿಸಿದ ಬಟ್ಟೆ, ಗಂಟೆಗಂಟೆಗೂ ನಾಡಿಯನ್ನು ನೋಡುವ ಎಚ್ಚರ ಬೇಕು. ಊರಿನ ಸೂಲಗಿತ್ತಿಯರಲ್ಲಿ ಅನುಭವವೂ ಅಂತಃಕರಣವೂ ಧಾರಾಳವಾಗಿದ್ದವು. ಆದರೆ ಕಣ್ಣಿಗೆ ಕಾಣದ ಸೋಂಕಿನ ಅರಿವು ಅವರಿಗೆ ದೊರೆಯುವ ದಾರಿಯೇ ಇರಲಿಲ್ಲ.

1909ರಲ್ಲಿ ದಾದಿಯರ ಶಾಲೆ ಆರಂಭವಾದುದು ಈ ಕಾರಣದಿಂದ. ಅದು ಸುಲಭದ ಕೆಲಸವಾಗಿರಲಿಲ್ಲ. ಪರರ ರಕ್ತವನ್ನೂ ಮಲಮೂತ್ರವನ್ನೂ ಮುಟ್ಟುವ ಕೆಲಸ ಮೈಲಿಗೆಯೆಂಬ ಭಾವನೆ ಸಮಾಜದಲ್ಲಿ ಬೇರೂರಿತ್ತು. ಮರ್ಯಾದಸ್ಥರ ಮನೆಯ ಹುಡುಗಿಯು ರಾತ್ರಿ ಪಾಳಿಯಲ್ಲಿ ಅಪರಿಚಿತರ ನಡುವೆ ದುಡಿಯುವುದನ್ನು ಬಂಧುಗಳು ಒಪ್ಪುತ್ತಿರಲಿಲ್ಲ. ಮೊದಮೊದಲಿಗೆ ಈ ವೃತ್ತಿಗೆ ಬಂದವರಲ್ಲಿ ಹೆಚ್ಚಿನವರು ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳು. ಸಮಾಜದ ಉಪೇಕ್ಷೆಯನ್ನು ಸಹಿಸಿಕೊಂಡು ಅವರು ಕಲಿತ ವಿದ್ಯೆಯ ಫಲವನ್ನು ಎಲ್ಲ ಜಾತಿಮತಗಳ ಮನೆಗಳೂ ಉಂಡವು.

ಅದೇ ಕಾಲಕ್ಕೆ ಐಡಾ ಊರೂರಿಗೆ ಹೊರಟರು. ವಾರಕ್ಕೊಮ್ಮೆ ಗುಡಿಯಾತ್ತಂ ದಾರಿಯಲ್ಲಿ ಮರದ ನೆರಳಿನಲ್ಲಿ ನಿಂತು ಚಿಕಿತ್ಸೆ ನೀಡುವ ಪದ್ಧತಿಯನ್ನು ಆರಂಭಿಸಿದರು. ಆಸ್ಪತ್ರೆಗೆ ಬರಲು ಹೆದರುತ್ತಿದ್ದ ಗರ್ಭಿಣಿಯರೂ ಕೂಸು ಹೊತ್ತ ತಾಯಂದಿರೂ ಮುದುಕಿಯರೂ ರಸ್ತೆಯ ಬದಿಯಲ್ಲಿ ಕಾದಿರುತ್ತಿದ್ದರು. ರೋಗಿಯನ್ನು ಕಾಯುವ ಬದಲು ಆರೋಗ್ಯವನ್ನೇ ಮನೆಯ ಬಾಗಿಲಿಗೆ ಒಯ್ಯಬೇಕೆಂಬ ವಿಚಾರಕ್ಕೆ ಅಲ್ಲಿ ಬುನಾದಿ ಬಿದ್ದಿತು.

1918ರಲ್ಲಿ ಮಹಿಳೆಯರ ವೈದ್ಯಕೀಯ ಶಾಲೆ ಆರಂಭವಾಯಿತು. ಹೆಣ್ಣುಮಕ್ಕಳು ಬರುವುದೇ ಸಂಶಯವೆಂದು ಅಧಿಕಾರಿಗಳು ಭಾವಿಸಿದ್ದರು. ಆದರೂ ಮೊದಲ ತಂಡದ 14 ಮಂದಿ 1922ರಲ್ಲಿ ವೈದ್ಯೆಯರಾಗಿ ಹೊರಬಂದರು. ಮುಂದೆ ಸರಕಾರವು ಪದವಿ ಶಿಕ್ಷಣವೇ ಬೇಕೆಂದು ವಿಧಿಸಿದಾಗ ಸಂಸ್ಥೆ ಮುಚ್ಚಿಹೋಗುವ ಸ್ಥಿತಿ ಬಂದಿತು. ಎಪ್ಪತ್ತು ದಾಟಿದ ಐಡಾ ಯುದ್ಧಕಾಲದಲ್ಲಿ ಅಮೆರಿಕದ ಊರೂರು ಸುತ್ತಿ ಹಣ ಕೂಡಿಸಿದರು. ಸಂಸ್ಥೆ ಉಳಿಯಿತು, 1947ರಿಂದ ಪುರುಷ ವಿದ್ಯಾರ್ಥಿಗಳಿಗೂ ಪ್ರವೇಶ ದೊರೆಯಿತು. 1946ರಲ್ಲಿ ದಾದಿಯರ ಶಾಲೆಯು ಕಾಲೇಜಾಗಿ, ದೇಶದ ಮೊತ್ತಮೊದಲ ಬಿ.ಎಸ್‌ಸಿ. ನರ್ಸಿಂಗ್ ಶಿಕ್ಷಣಗಳಲ್ಲಿ ಒಂದು ಅಲ್ಲಿ ಆರಂಭವಾಯಿತು. ಮೈಲಿಗೆಯ ಕೆಲಸವೆನಿಸಿಕೊಂಡಿದ್ದುದು ವಿಶ್ವವಿದ್ಯಾಲಯದ ಪದವಿಗೆ ಏರಿದುದು ಸಾಮಾನ್ಯ ಸಂಗತಿಯಲ್ಲ.

ಐಡಾ ಮದುವೆಯಾಗಲಿಲ್ಲ. ಧರ್ಮಪ್ರಚಾರದ ಉದ್ದೇಶವುಳ್ಳ ಮಿಷನ್ನಿನ ಪರವಾಗಿ ಬಂದವರು ಅವರೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ಹೆರಿಗೆಯ ಕೋಣೆಯಲ್ಲಿ ಅವರು ಯಾರ ಜಾತಿಮತವನ್ನೂ ಎಣಿಸಲಿಲ್ಲ. ತಿಂಡಿವನದ ಆ ರಾತ್ರಿ ಮೂರು ಮನೆಗಳ ಬಾಗಿಲು ತಟ್ಟಿದ್ದ ಸಾವಿಗೂ ಜಾತಿಮತವಿರಲಿಲ್ಲವಲ್ಲವೆ? 1960ರ ಮೇ ತಿಂಗಳಲ್ಲಿ ಕೊಡೈಕನಾಲಿನಲ್ಲಿ ಅವರು ಕೊನೆಯುಸಿರೆಳೆದರು.

ಈಗ ನಮ್ಮ ಮನೆಗಳ ಕಡೆಗೆ ತಿರುಗಿ ನೋಡೋಣ. ಹೆಣ್ಣಿನ ಆರೋಗ್ಯವೆಂದರೆ ಹೆರಿಗೆಯಷ್ಟೇ ಎಂದು ನಾವು ತಿಳಿದಂತಿದೆ. ಋತುಮತಿಯಾದ ಹುಡುಗಿಯ ರಕ್ತಹೀನತೆಯನ್ನು ಓದಿನ ಆಯಾಸವೆಂದು ತಳ್ಳಿಹಾಕುತ್ತೇವೆ. ಗರ್ಭಿಣಿಗೆ ತಲೆನೋವು ಬಂದು ಮುಖ ಊದಿದರೆ ರಕ್ತದೊತ್ತಡ ನೋಡಿಸುವುದನ್ನು ನಾಳೆಗೆ ಮುಂದೂಡುತ್ತೇವೆ. ಬಾಣಂತಿ ಕಾರಣವಿಲ್ಲದೆ ಅತ್ತರೆ ಸುಮ್ಮನಿರಿಸುತ್ತೇವೆ. ಅದೂ ಆರೈಕೆ ಬೇಡುವ ಕಾಯಿಲೆಯಾಗಿರಬಹುದೆಂದು ಯೋಚಿಸುವುದಿಲ್ಲ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ತಾಯಂದಿರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ಸಕಾಲದ ತಪಾಸಣೆಯಿಂದ ಮೊದಲೇ ಗುರುತಿಸಿ ತಡೆಯಬಹುದೆಂಬುದು ಎಷ್ಟು ಮನೆಗಳಿಗೆ ತಿಳಿದಿದೆ? ವೃದ್ಧಾಪ್ಯದಲ್ಲಿ ಮೂತ್ರ ಹತೋಟಿ ತಪ್ಪುವುದನ್ನೂ ಮೂಳೆ ಸವೆಯುವುದನ್ನೂ ಅಜ್ಜಿಯಂದಿರು ಯಾರೊಡನೆಯೂ ಹೇಳಿಕೊಳ್ಳುವುದಿಲ್ಲ.

ಹೀಗೆ ಹೇಳಿಕೊಳ್ಳಲಾಗದ ಮಾತನ್ನು ಹೆಂಗಸರು ಮೊದಲು ಪಿಸುಗುಟ್ಟುವುದು ಅನೇಕ ವೇಳೆ ದಾದಿಯ ಕಿವಿಯಲ್ಲಿ. ಹೆಣ್ಣಿನ ಬಾಳಿನ ಒಂದೊಂದು ಹಂತದಲ್ಲಿಯೂ ಕೇಳುವ, ನೋಡುವ, ಎಚ್ಚರಿಸುವ ಕೆಲಸ ಅವಳದು. ಅಷ್ಟಾದರೂ ನಮ್ಮ ಮಗಳು ನರ್ಸಿಂಗ್ ಓದುತ್ತೇನೆಂದರೆ ನಾವು ಎರಡು ಬಾರಿ ಯೋಚಿಸುತ್ತೇವೆ. ಡಾಕ್ಟರಾಗಬಾರದೇಕೆ ಎಂದು ಕೇಳುತ್ತೇವೆ. 1909ರಲ್ಲಿ ಐಡಾ ಎದುರಿಸಿದ ಉಪೇಕ್ಷೆಯ ಒಂದು ಎಳೆ ನಮ್ಮೊಳಗೆ ಇನ್ನೂ ಉಳಿದಿದೆಯೆಂದೇ ಇದರ ಅರ್ಥ.

ಆ ಎಳೆಯನ್ನು ಕಡಿದುಹಾಕುವುದೇ ಆ ಮಹಾತಾಯಿಗೆ ನಾವು ಸಲ್ಲಿಸಬಹುದಾದ ನಿಜವಾದ ನಮನ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಮ್ಮವರನ್ನು ನೋಡಿಕೊಂಡ ದಾದಿಯ ಹೆಸರನ್ನು ಕೇಳಿ ತಿಳಿದುಕೊಳ್ಳೋಣ. ಮನೆಗೆ ಬಂದು ನಮ್ಮ ತಾಯಿಯನ್ನು, ಅತ್ತೆಯನ್ನು, ಮಗಳನ್ನು ಹತ್ತಿರ ಕೂರಿಸಿಕೊಂಡು ಮೈಯಲ್ಲಿ ಹೇಗಿದೆಯೆಂದು ವಿಚಾರಿಸೋಣ.