ಕಾರ್ಮಿಕರ ವೈದ್ಯ ರಾಮಜ್ಜಿನಿ

ಔದ್ಯೋಗಿಕ ವೈದ್ಯಶಾಸ್ತ್ರದ ಜನಕರೆಂದು ಖ್ಯಾತರಾದ ಬೆರ್ನಾರ್ದಿನೊ ರಾಮಜ್ಜಿನಿಯವರು 1633ರಲ್ಲಿ ಉತ್ತರ ಇಟಲಿಯ ಕಾರ್ಪಿ ಪಟ್ಟಣದಲ್ಲಿ ಜನಿಸಿದರು. ಪ್ಲಾಸ್ಟಿಕ್ ಎಂಬ ವಸ್ತುವೇ ಇಲ್ಲದ ಕಾಲದ ಈ ವೈದ್ಯರನ್ನು ಪ್ಲಾಸ್ಟಿಕ್ ಕಾರ್ಖಾನೆಗಳ ಕಾರ್ಮಿಕರ ಸಂಕಟದೊಂದಿಗೆ ಸ್ಮರಿಸುವುದು ವಿಚಿತ್ರವೆನಿಸಬಹುದು. ಆದರೆ ಆ ಸಂಕಟದ ಕಾರಣ ಬೆಳಕಿಗೆ ಬಂದದ್ದು ಅವರು ತೋರಿದ ದಾರಿಯಲ್ಲಿಯೇ.

ಹುಟ್ಟೂರಿನ ಯೇಸುಸಭೆಯ ಗುರುಗಳಲ್ಲಿ ವಿದ್ಯಾಭ್ಯಾಸ ಮಾಡಿ, 1659ರಲ್ಲಿ ಪಾರ್ಮಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ ಅವರು 1671ರಲ್ಲಿ ಮೊಡೆನಾ ನಗರಕ್ಕೆ ಬಂದರು. 1682ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಒಂದು ದಿನ ಅವರ ಮನೆಯ ಮಲಗುಂಡಿಯನ್ನು ಬರಿದು ಮಾಡಲು ಕೂಲಿಯಾಳುಗಳು ಬಂದಿದ್ದರು. ಅವರಲ್ಲೊಬ್ಬನು ದಣಿವಾರಿಸಿಕೊಳ್ಳದೆ ಆತುರಾತುರವಾಗಿ ದುಡಿಯುತ್ತಿದ್ದುದನ್ನು ಕಂಡು ಕಾರಣ ವಿಚಾರಿಸಿದರು. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಆ ಗುಂಡಿಯಲ್ಲಿದ್ದರೆ ಕಣ್ಣೇ ಹೋದಂತಾಗುವುದೆಂದು ಅವನು ತಿಳಿಸಿದನು. ಮೇಲೆ ಬಂದವನ ಕಣ್ಣುಗಳು ಕೆಂಪೇರಿ ಮಂಜಾಗಿದ್ದವು. ಇಂಥವರು ಮನೆಗೆ ಹೋಗಿ ಕತ್ತಲೆ ಕೋಣೆಯಲ್ಲಿ ಕುಳಿತು ಬೆಚ್ಚನೆಯ ನೀರಿನಿಂದ ಕಣ್ಣು ತೊಳೆದುಕೊಳ್ಳುವರೆಂದೂ, ದೃಷ್ಟಿ ಕಳೆದುಕೊಂಡ ಕೆಲವರು ಭಿಕ್ಷೆಗೆ ಇಳಿದಿರುವರೆಂದೂ ಅವರು ಅರಿತರು.

ಅನಂತರ ಅವರು ಕುಂಬಾರರು, ಗಾಜು ತಯಾರಿಸುವವರು, ಸೂಲಗಿತ್ತಿಯರು ಹೀಗೆ ಬಗೆಬಗೆಯ ಕಸುಬಿನವರ ವ್ಯಾಧಿಗಳನ್ನು ಪರಿಶೀಲಿಸಿ, 1700ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕನ್ಯಾಮಠದ ಭಗಿನಿಯರಲ್ಲಿ ಸ್ತನದ ಅರ್ಬುದ ಹೆಚ್ಚಾಗಿರುವುದನ್ನೂ ಅದರಲ್ಲಿ ಗುರುತಿಸಿದ್ದಾರೆ. ಬಡವನ ಮನೆಗೆ ಹೋದ ವೈದ್ಯನು ಮೂರು ಕಾಲಿನ ಮಣೆಯಾದರೂ ಸರಿ, ಅದರ ಮೇಲೆ ಕುಳಿತು ಸಾವಧಾನದಿಂದ ವಿಚಾರಿಸಬೇಕು. ಹಿಪ್ಪೊಕ್ರಾಟಿಸನ ಕಾಲದ ಪ್ರಶ್ನೆಗಳೊಡನೆ ರೋಗಿಯ ಕಸುಬು ಯಾವುದೆಂಬುದನ್ನೂ ಕೇಳಬೇಕು ಎಂಬುದು ಅವರ ಆಗ್ರಹವಾಗಿತ್ತು. (ನಮ್ಮ ಎಷ್ಟು ಆಸ್ಪತ್ರೆಗಳ ಚೀಟಿಯಲ್ಲಿ ಈ ಪ್ರಶ್ನೆಗೆ ಸ್ಥಳವಿದೆಯೋ ಓದುಗರೇ ನೋಡಿಕೊಳ್ಳಲಿ.) ಅದೇ ವರ್ಷ ಪಾದುವಾ ವಿಶ್ವವಿದ್ಯಾಲಯಕ್ಕೆ ತೆರಳಿದ ಅವರು ಮುಪ್ಪಿನಲ್ಲಿ ದೃಷ್ಟಿ ಕುಂದಿದರೂ ಬೋಧನೆಯನ್ನು ಬಿಡಲಿಲ್ಲ. 1713ರಲ್ಲಿ ಗ್ರಂಥವನ್ನು ವಿಸ್ತರಿಸಿ ಮತ್ತೆ ಪ್ರಕಟಿಸಿ, 1714ರ ನವೆಂಬರ್ 5ರಂದು ನಿಧನರಾದರು.

ಇಂದು ಮನೆಮನೆಯ ನೀರಿನ ಕೊಳವೆಗಳಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ ತಯಾರಾಗುವುದು ವಿನೈಲ್ ಕ್ಲೋರೈಡ್ ಎಂಬ ಅನಿಲದಿಂದ. ಅದನ್ನು ಪ್ಲಾಸ್ಟಿಕ್ಕಾಗಿಸುವ ಭಾರಿ ಕಡಾಯಿಗಳ ಒಳಮೈಗೆ ಅಂಟಿದ ಗಸಿಯನ್ನು ಕೆರೆಯಲು ಹಿಂದೆ ಕಾರ್ಮಿಕರೇ ಒಳಗಿಳಿಯುತ್ತಿದ್ದರು. ಮೊಡೆನಾದ ಗುಂಡಿಯ ಕೆಲಸವೇ ಅದು, ಗುಂಡಿ ಮಾತ್ರ ಉಕ್ಕಿನದು! ಅವರಲ್ಲಿ ಕೆಲವರ ಬೆರಳ ತುದಿಯ ಎಲುಬುಗಳು ಸವೆಯತೊಡಗಿದವು. ಇಟಲಿಯ ಕಾರ್ಖಾನೆಯೊಂದರ ವೈದ್ಯರಾದ ವಿಯೋಲಾ ಅವರು ಕಾರಣ ಹುಡುಕಹೊರಟು, ಈ ಅನಿಲ ಇಲಿಗಳಲ್ಲಿ ಅರ್ಬುದವನ್ನುಂಟುಮಾಡುವುದೆಂದು 1970ರಲ್ಲಿ ವರದಿ ಮಾಡಿದರು. ಬೊಲೋನ್ಯಾದ ಚೆಸಾರೆ ಮಾಲ್ತೋನಿ ಅವರ ಪ್ರಯೋಗಗಳು, ಇದರಿಂದ ಇಲಿಗಳ ಯಕೃತ್ತಿನಲ್ಲಿ ಆಂಜಿಯೊಸಾರ್ಕೋಮಾ ಎಂಬ ಅತಿ ವಿರಳ ಅರ್ಬುದ ತಲೆದೋರುವುದನ್ನು ತೋರಿಸಿದವು. ವೆಚ್ಚ ಭರಿಸಿದ್ದ ಕಂಪೆನಿಗಳು ಆ ಫಲಿತಾಂಶವನ್ನು ಗುಟ್ಟಾಗಿಟ್ಟದ್ದು ಕ್ಷಮಾರ್ಹವಲ್ಲ. 1974ರ ಜನವರಿಯಲ್ಲಿ ಅಮೆರಿಕದ ಲೂಯಿವಿಲ್ ನಗರದ ಕಾರ್ಖಾನೆಯೊಂದರ ಕಾರ್ಮಿಕರು ಅದೇ ಅರ್ಬುದದಿಂದ ಸತ್ತ ಸಂಗತಿ ಹೊರಬಿತ್ತು. ಆ ದೇಶದಲ್ಲಿ ಕಾರ್ಖಾನೆಯ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 500 ಭಾಗದವರೆಗೆ ಇರಬಹುದಾಗಿದ್ದ ಈ ಅನಿಲದ ಮಿತಿಯನ್ನು, ಎಂಟು ಗಂಟೆಗಳ ಸರಾಸರಿಯಲ್ಲಿ 1 ಭಾಗಕ್ಕೆ ಇಳಿಸಲಾಯಿತು.

ಮಾಲ್ತೋನಿ ಮೊದಲಾದವರು 1982ರಲ್ಲಿ ಸ್ಥಾಪಿಸಿದ ವಿದ್ವತ್ಸಂಸ್ಥೆಗೆ ರಾಮಜ್ಜಿನಿಯವರ ಹೆಸರನ್ನೇ ಇಟ್ಟರು. ಆದರೆ ಈ ಅರ್ಬುದ ಬಲಿಯಲು ಹಲವು ದಶಕಗಳೇ ಬೇಕು. ಅವರು ಕೊನೆಯುಸಿರೆಳೆದ ಪಾದುವಾಕ್ಕೆ ಸಮೀಪದ ಪೋರ್ತೊ ಮಾರ್ಗೆರಾದಲ್ಲಿ ಇದೇ ಅನಿಲದೊಡನೆ ದುಡಿದು ಮಡಿದ ಕಾರ್ಮಿಕರ ಮೊಕದ್ದಮೆ ವೆನಿಸಿನ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದದ್ದು 1998ರಲ್ಲಿ.