ಪ್ರಸೂತಿ ಪಾಠದಿಂದ ಪ್ರೌಢಶಾಲೆಯ ಪುಸ್ತಕದವರೆಗೆ: ಡಾ. ಎ.ಎಲ್. ಮುದಲಿಯಾರ್ ಹಾದಿ

ಚೆನ್ನೈ: ಬಿ.ಎಡ್. ಓದಿದವರಿಗೆ, ಶಿಕ್ಷಕರ ನೇಮಕಾತಿ ಪರೀಕ್ಷೆ ಬರೆದವರಿಗೆ ಮುದಲಿಯಾರ್ ಆಯೋಗದ ಹೆಸರು ಬಾಯಿಪಾಠ. ಎಂಬಿಬಿಎಸ್ ಓದಿದವರಿಗೆ ಅದೇ ಹೆಸರಿನ ದಪ್ಪನೆಯ ಪ್ರಸೂತಿ ಪುಸ್ತಕ ಗೊತ್ತು. ಇವೆರಡೂ ಒಬ್ಬರೇ ವ್ಯಕ್ತಿಯ ಹೆಸರು ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ. ಅವರೇ ಡಾ. ಆರ್ಕಾಟ್ ಲಕ್ಷ್ಮಣಸ್ವಾಮಿ ಮುದಲಿಯಾರ್.

1887ರ ಅಕ್ಟೋಬರ್ 14ರಂದು ಕರ್ನೂಲಿನಲ್ಲಿ ಹುಟ್ಟಿದ ಅವಳಿ ಮಕ್ಕಳಲ್ಲಿ ಇವರೊಬ್ಬರು. ಇನ್ನೊಬ್ಬರು ಕನ್ನಡಿಗರಿಗೆ ಪರಿಚಿತರಾದ ಸರ್ ಎ. ರಾಮಸ್ವಾಮಿ ಮುದಲಿಯಾರ್, ಮೈಸೂರು ಸಂಸ್ಥಾನದ ಕೊನೆಯ ದಿವಾನರು. ಅಣ್ಣ-ತಮ್ಮ ಇಬ್ಬರೂ ಓದಿಗಾಗಿ ಮದ್ರಾಸಿಗೆ ಬಂದರು. ಒಬ್ಬರು ರಾಜಕೀಯ ಮತ್ತು ಆಡಳಿತದತ್ತ ನಡೆದರೆ, ಇನ್ನೊಬ್ಬರು ವೈದ್ಯಕೀಯ ಹಿಡಿದರು.

ಲಕ್ಷ್ಮಣಸ್ವಾಮಿ ಪ್ರಸೂತಿ ತಜ್ಞರಾದರು. 1939ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಪ್ರಿನ್ಸಿಪಾಲರಾದ ಮೊದಲ ಭಾರತೀಯ ಎನಿಸಿದರು. ಅದರ ಹಿಂದಿನ ವರ್ಷ, 1938ರಲ್ಲಿ, ಅವರ 'ಕ್ಲಿನಿಕಲ್ ಆಬ್‌ಸ್ಟೆಟ್ರಿಕ್ಸ್' ಹೊರಬಂದಿತ್ತು. ಹೆರಿಗೆಯಲ್ಲಿ ತಾಯಂದಿರ ಸಾವು ಮನೆಮನೆಯ ಕಥೆಯಾಗಿದ್ದ ಕಾಲವದು. ವೈದ್ಯ ವಿದ್ಯಾರ್ಥಿಗಳ ಕೈಯಲ್ಲಿದ್ದವು ಹೆಚ್ಚಾಗಿ ಇಂಗ್ಲೆಂಡಿನ ಪುಸ್ತಕಗಳು. ಅಂಥ ಹೊತ್ತಿನಲ್ಲಿ ಇಲ್ಲಿನ ಆಸ್ಪತ್ರೆಯಲ್ಲಿ ಪಳಗಿದ ವೈದ್ಯರೊಬ್ಬರು ಬರೆದ ಪಠ್ಯ ಅವರಿಗೆ ಸಿಕ್ಕಿತು. ಮುಂದೆ ಡಾ. ಎಂ.ಕೆ. ಕೃಷ್ಣ ಮೆನನ್ ಜೊತೆಗೂಡಿದರು. 'ಮುದಲಿಯಾರ್ ಮತ್ತು ಮೆನನ್' ಎಂದೇ ಹೆಸರಾದ ಆ ಪುಸ್ತಕ ಪರಿಷ್ಕರಣೆಗೊಳ್ಳುತ್ತಾ ಇಂದಿಗೂ ಅಚ್ಚಾಗುತ್ತಿದೆ.

1942ರಿಂದ 1969ರವರೆಗೆ, ಬರೋಬ್ಬರಿ 27 ವರ್ಷ ಅವರು ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದ ಆ ದಿನಗಳಲ್ಲಿ ಮಂಗಳೂರಿನ ಕಾಲೇಜು ವಿದ್ಯಾರ್ಥಿಗಳ ಪದವಿಗೂ ಈ ವಿಶ್ವವಿದ್ಯಾಲಯದ್ದೇ ಮುದ್ರೆ. ಕೀಲ್ಪಾಕ್‌ನಲ್ಲಿ ದೇಶಿ ವೈದ್ಯ ಪದ್ಧತಿಗಳ ಶಿಕ್ಷಣಕ್ಕೆಂದು ಶುರುವಾಗಿದ್ದ ಸಂಸ್ಥೆ 1960ರಲ್ಲಿ ಕೀಲ್ಪಾಕ್ ಮೆಡಿಕಲ್ ಕಾಲೇಜಾಗಿ ಬದಲಾದದ್ದೂ ಅವರ ಅವಧಿಯಲ್ಲೇ. ಪೂನಮಲ್ಲಿ ಹೈ ರೋಡ್‌ನ ಆ ಕಾಲೇಜಿನ ಮೊದಲ ವಿದ್ಯಾರ್ಥಿಗಳಿಗೆ ಪಠ್ಯ ಬರೆದವರೂ ಪದವಿ ಕೊಡುವ ವಿಶ್ವವಿದ್ಯಾಲಯದ ಮುಖ್ಯಸ್ಥರೂ ಒಬ್ಬರೇ!

ಶಾಲಾ ಮಕ್ಕಳ ಪುಸ್ತಕದತ್ತ ಅವರ ಗಮನ ಹರಿದದ್ದು 1952ರಲ್ಲಿ. ಕೇಂದ್ರ ಸರ್ಕಾರ ಆ ವರ್ಷ ಮಾಧ್ಯಮಿಕ ಶಿಕ್ಷಣ ಆಯೋಗಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿತು. 1953ರಲ್ಲಿ ಸಲ್ಲಿಸಿದ ವರದಿ ಪಠ್ಯಪುಸ್ತಕಗಳ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ತೆರೆದಿಟ್ಟಿತು: ಕಳಪೆ ಕಾಗದ, ಕೆಟ್ಟ ಮುದ್ರಣ, ಸಪ್ಪೆ ಚಿತ್ರಗಳು, ಸಾಲುಸಾಲು ಅಚ್ಚಿನ ತಪ್ಪು.

ಪರಿಹಾರವನ್ನೂ ಆಯೋಗ ಸೂಚಿಸಿತು. ಪುಸ್ತಕ ಆಯ್ಕೆಗೆ ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರದ ಸಮಿತಿ ಇರಬೇಕು, ಅದರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ, ಕುಲಪತಿಯಂಥವರ ಜೊತೆ ಶಾಲೆಯ ಮುಖ್ಯೋಪಾಧ್ಯಾಯರೂ ಕೂರಬೇಕು. ಭಾಷಾ ವಿಷಯ ಬಿಟ್ಟು ಉಳಿದವುಗಳಿಗೆ ಒಂದೇ ಪುಸ್ತಕ ಹೇರದೆ, ಒಪ್ಪಿತ ಪುಸ್ತಕಗಳಲ್ಲಿ ಆರಿಸಿಕೊಳ್ಳುವ ಅವಕಾಶ ಶಾಲೆಗಿರಬೇಕು. ಯಾವುದೇ ಸಮುದಾಯದ ಧಾರ್ಮಿಕ, ಸಾಮಾಜಿಕ ಭಾವನೆಗೆ ನೋವಾಗುವ ಬರಹ ಇರಬಾರದು. ಪದೇ ಪದೇ ಪುಸ್ತಕ ಬದಲಿಸಬಾರದು. ಪುಸ್ತಕ ಮಾರಾಟದಿಂದ ಬಂದ ಹಣ ಬಡ ಮಕ್ಕಳ ವಿದ್ಯಾರ್ಥಿವೇತನ, ಪುಸ್ತಕಗಳಿಗೆ ನೆರವಾಗಬೇಕು.

ಪುಸ್ತಕ ಬದಲಾದರೆ ಅಣ್ಣ ಓದಿದ್ದು ತಮ್ಮನಿಗೆ ಬರುವುದಿಲ್ಲ, ಅಪ್ಪನ ಜೇಬಿಗೆ ಮತ್ತೆ ಕತ್ತರಿ. ಇದು ಆಗಿನ ಬಡ ಕುಟುಂಬಗಳ ನಿಜವಾದ ಸಂಕಟವಾಗಿತ್ತು. ಇಂದು ಸರ್ಕಾರಿ ಶಾಲೆಯ ಮಕ್ಕಳಿಗೆ ಪುಸ್ತಕ ಉಚಿತವಾಗಿ ಸಿಗುತ್ತಿದೆ. ಆದರೆ ಪಠ್ಯವನ್ನು ಯಾರು, ಎಷ್ಟು ಸಲ, ಯಾರ ಮರ್ಜಿಗೆ ಬದಲಿಸಬೇಕು ಎಂಬ ಪ್ರಶ್ನೆ ಕರ್ನಾಟಕದಲ್ಲೂ ಇನ್ನೂ ತಣ್ಣಗಾಗಿಲ್ಲ.

1961ರಲ್ಲಿ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷತೆ, 1963ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. 1974ರ ಏಪ್ರಿಲ್ 15ರಂದು ಅವರು ಕೊನೆಯುಸಿರೆಳೆದರು. ಅವರ ಪ್ರಸೂತಿ ಪುಸ್ತಕವನ್ನು ಹೊಸ ತಲೆಮಾರಿನ ವೈದ್ಯರು ತಿದ್ದಿ ಮುಂದುವರಿಸಿದ್ದಾರೆ. ಶಾಲಾ ಪುಸ್ತಕಗಳ ಬಗ್ಗೆ ಅವರ ಆಯೋಗ ಹೇಳಿದ ಎಷ್ಟೋ ಮಾತುಗಳು ಮಾತ್ರ ಇನ್ನೂ ಜಾರಿಗೆ ಕಾಯುತ್ತಿವೆ.